ಒಣಗಾಳಿಯ ಹಿತ್ತಲು

ಕೊಪ್ಪಳ ಜಿಲ್ಲೆಯ ಬೇಸಿಗೆಯನ್ನು ಎಲ್ಲರೂ ಡಿಗ್ರಿಯಲ್ಲೇ ಅಳೆಯುತ್ತಾರೆ. ಯುಗಾದಿ ಕಳೆಯುತ್ತಿದ್ದಂತೆ 38 ಆಯಿತು, 40 ದಾಟಿತು ಎಂಬ ಮಾತು ಚಹಾದಂಗಡಿಯಿಂದ ಬಸ್ ನಿಲ್ದಾಣದವರೆಗೆ ಓಡಾಡುತ್ತದೆ. ಆದರೆ ಆ ಅಂಕಿ ಅರ್ಧ ಸುದ್ದಿ ಮಾತ್ರ. ಗಾಳಿಯಲ್ಲಿ ತೇವ ಎಷ್ಟಿದೆ ಎಂಬುದು ಉಳಿದರ್ಧ. ಮರಳಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನದ ಗಾಳಿ ಸುಡುವುದಷ್ಟೇ ಅಲ್ಲ, ಚೆನ್ನಾಗಿ ಒಣಗಿರುತ್ತದೆ. ಈ ಒಣತನವೇ ನಮ್ಮ ಬೇಸಿಗೆಯ ಆಸ್ತಿ ಎಂದು ನಾನು ನಂಬಿದ್ದೇನೆ. ಗಡಿಗೆಯ ನೀರು ತಣ್ಣಗಾಗುವುದು, ಮಾಳಿಗೆಯ ಮೇಲಿನ ಸಂಡಿಗೆ ಸಂಜೆಯೊಳಗೆ ಗರಿಗರಿಯಾಗುವುದು, ಹೀರೆಯ ಬೀಜ ಮುಂದಿನ ಮಳೆಗಾಲದವರೆಗೆ ಕೆಡದೆ ಉಳಿಯುವುದು ಎಲ್ಲವೂ ಅದರಿಂದಲೇ.

ಒಂದು ಲೆಕ್ಕ ನೋಡೋಣ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಬಟ್ಟೆಯ ನೀರು ಆವಿಯಾಗುತ್ತದೆ, ಪಾದರಸ ಇಳಿಯುತ್ತದೆ. ಅದು ಕೊನೆಗೆ ನಿಲ್ಲುವ ಅಂಕಿಗೆ ಆರ್ದ್ರ ಉಷ್ಣತೆ ಎನ್ನುತ್ತಾರೆ. ಆ ಗಾಳಿಯಲ್ಲಿ ನೀರನ್ನು ಆವಿ ಮಾಡಿಸಿ ಪಡೆಯಬಹುದಾದ ತಂಪಿನ ಕೊನೆಯ ಮೆಟ್ಟಿಲು ಅದು. ಗಾಳಿ 40 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇ 20 ಇದ್ದರೆ ಒದ್ದೆ ಬಟ್ಟೆಯ ಥರ್ಮಾಮೀಟರ್ 23ರ ಆಸುಪಾಸಿಗೆ ಇಳಿಯುತ್ತದೆ. ಹದಿನೇಳು ಡಿಗ್ರಿಯ ಇಳಿತ! ಕಡಲ ಕರೆಯ ಊರೊಂದರಲ್ಲಿ ಗಾಳಿ ಬರೀ 34 ಡಿಗ್ರಿ ಇದ್ದು ಆರ್ದ್ರತೆ ಶೇ 70 ಇದ್ದರೆ ಆ ಥರ್ಮಾಮೀಟರ್ 29ಕ್ಕೇ ನಿಂತುಬಿಡುತ್ತದೆ. ಬಿಸಿಲು ನಮ್ಮಲ್ಲಿ ಹೆಚ್ಚು, ತಂಪು ಮಾಡಿಕೊಳ್ಳುವ ಅವಕಾಶ ಅದಕ್ಕಿಂತಲೂ ಹೆಚ್ಚು. ಮಂಗಳೂರಿನ ನೆಂಟರು ನಮ್ಮೂರ ಗಡಿಗೆಯ ನೀರು ಕುಡಿದು ಬೆರಗಾಗುವುದಕ್ಕೆ ಕಾರಣ ಕುಂಬಾರನ ಕೈಗುಣದ ಜೊತೆಗೆ ಈ ಗಾಳಿಯೂ ಹೌದು.

ಗಡಿಗೆ ಕೆಲಸ ಮಾಡುವ ಬಗೆ ಸರಳ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಕುಂಬಾರರು ಮಣ್ಣಿಗೆ ಮರಳು, ಬೂದಿ, ಹೊಟ್ಟು ಬೆರೆಸುವುದುಂಟು. ಆವಿಗೆಯಲ್ಲಿ ಹೊಟ್ಟು ಸುಟ್ಟುಹೋದ ಜಾಗದಲ್ಲಿ ಸಂದು ಉಳಿಯುತ್ತದೆ. ನೀರು ಆ ಸಂದುಗಳ ಮೂಲಕ ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2400 ಜೂಲ್ ಶಾಖ ಬೇಕು. ಇದೇ ಗುಪ್ತೋಷ್ಣ. ಆ ಶಾಖದ ಬಹುಪಾಲನ್ನು ಅದು ಗಡಿಗೆಯಿಂದ, ಒಳಗಿರುವ ನೀರಿನಿಂದ ಎಳೆದುಕೊಳ್ಳುತ್ತದೆ. ಹತ್ತು ಲೀಟರ್ ನೀರನ್ನು 10 ಡಿಗ್ರಿ ತಂಪು ಮಾಡಲು ಒಂದು ಲೋಟದಷ್ಟು, ಅಂದರೆ ಹೆಚ್ಚುಕಡಿಮೆ 175 ಮಿಲಿಲೀಟರ್ ನೀರು ಆವಿಯಾದರೆ ಲೆಕ್ಕ ಸರಿಹೋಗುತ್ತದೆ. ಹೊರಗಿನ ಬಿಸಿ ಸದಾ ಒಳನುಗ್ಗುತ್ತಲೇ ಇರುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಹೆಚ್ಚೇ ಹೋಗುತ್ತದೆ, ಆದರೂ ಲೋಟಗಳ ಲೆಕ್ಕವೇ. ವಿದ್ಯುತ್ತಿನ ಬಿಲ್ಲಿಲ್ಲದ ಈ ತಂಪನ್ನು ಬಿಟ್ಟು ಎಷ್ಟೋ ಮನೆಗಳಲ್ಲಿ ಗಡಿಗೆಗೆ ಎಣ್ಣೆಬಣ್ಣ ಬಳಿದು ಚೆಂದಕ್ಕೆ ಇಡುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಬಣ್ಣ ಬಿದ್ದರೆ ಸಂದು ಮುಚ್ಚಿತು, ಗಡಿಗೆ ಬರೀ ಪಾತ್ರೆಯಾಯಿತು. ಬೋರ್‌ವೆಲ್ಲಿನ ಗಡಸು ನೀರು ಕೂಡ ಇದೇ ಕೆಲಸ ಮಾಡುತ್ತದೆ, ನಿಧಾನವಾಗಿ. ನೀರು ಆರಿಹೋಗಿ ಲವಣ ಸಂದಿನಲ್ಲಿ ಕೂರುತ್ತದೆ, ಹೊರಮೈ ಬೆಳ್ಳಗಾಗುತ್ತದೆ. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದರೆ ಅದರ ಹುಳಿ ಆ ಸುಣ್ಣದಂಶವನ್ನು ಕರಗಿಸಿ ಒಂದಿಷ್ಟು ಸಂದುಗಳನ್ನು ಬಿಡಿಸುತ್ತದೆ.

ಒಂದೇ ಜಿಲ್ಲೆಯೊಳಗೂ ಗಾಳಿ ಒಂದೇ ತೆರನಾಗಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಮರಳಿ–ಗಂಗಾವತಿಯ ಸುತ್ತಣ ನೆಲ ಭತ್ತದ ನಾಡಾಯಿತು. ಬೇಸಿಗೆ ಬೆಳೆ ಗದ್ದೆಯಲ್ಲಿ ನಿಂತಿರುವಷ್ಟು ಕಾಲ ಅಲ್ಲಿನ ನೀರೂ ಎಲೆಗಳೂ ಗಾಳಿಗೆ ತೇವ ಉಣಿಸುತ್ತಲೇ ಇರುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಹೊಲಗಳು ಆ ಹೊತ್ತಿಗೆ ಬರಿದಾಗಿರುತ್ತವೆ. ಹಾಗಾಗಿ ಒಂದೇ ಕುಂಬಾರನ ಎರಡು ಗಡಿಗೆಗಳಲ್ಲಿ ಕುಷ್ಟಗಿಯದು ಗದ್ದೆಯ ನಡುವಿನ ಮನೆಯ ಗಡಿಗೆಗಿಂತ ತುಸು ಹೆಚ್ಚು ತಂಪಾಗಬೇಕು. ರಜೆಯಲ್ಲಿರುವ ಮಕ್ಕಳಿಗೆ ಇದೊಂದು ಚೆಂದದ ಪ್ರಯೋಗ. ಅಜ್ಜಿಯ ಊರಲ್ಲೊಂದು, ತಮ್ಮ ಊರಲ್ಲೊಂದು ಗಡಿಗೆ ಇಟ್ಟು ದಿನವೂ ಮೂರು ಗಂಟೆಗೆ ಅಳೆದು ಬರೆದಿಡಲಿ.

ಇದೇ ತತ್ವವನ್ನು ತರಕಾರಿಗೂ ತಿರುಗಿಸಬಹುದು. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಎಂಬ ಅಧ್ಯಾಪಕರು 1990ರ ದಶಕದಲ್ಲಿ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವಿನ ಜಾಗಕ್ಕೆ ಒದ್ದೆ ಮರಳು ತುಂಬಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚುವ ವ್ಯವಸ್ಥೆಯನ್ನು ಹಳ್ಳಿಗಳಿಗೆ ಹಂಚಿದರು. ಅದಕ್ಕೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ರಾಯ್ ಮತ್ತು ಖುರ್ದಿಯಾ ಅವರು 1980ರ ದಶಕದಲ್ಲೇ ಇಟ್ಟಿಗೆಯ ಜೋಡಿ ಗೋಡೆ ಕಟ್ಟಿ ನಡುವೆ ಮರಳು ತುಂಬಿ ನೀರುಣಿಸುವ ತಂಪು ತೊಟ್ಟಿ ಮಾಡಿ ತೋರಿಸಿದ್ದರು. ಬದನೆ, ಕರಿಬೇವು, ಕೊತ್ತಂಬರಿ ಇಡಲು ಎರಡು ಗಡಿಗೆ ಸಾಕು. ಸಂತೆಯಿಂದ ಸಂತೆಯವರೆಗೆ ಕೊತ್ತಂಬರಿ ಬಾಡದಿದ್ದರೆ ಅಷ್ಟೂ ಉಳಿತಾಯವೇ.

ಇನ್ನು ಹಿತ್ತಲಿಗೆ ಬರೋಣ. ಮನೆಯೊಳಗೆ ತಂಪು ಕೊಟ್ಟ ಒಣಗಾಳಿ ಇಲ್ಲಿ ನೀರು ಕದಿಯುತ್ತದೆ. ಬಕೆಟ್ಟಿನಿಂದ ಸುರಿದ ನೀರಿನಲ್ಲಿ ಬೇರಿಗೆ ಮುಟ್ಟುವುದು ಒಂದು ಪಾಲು, ಮೇಲ್ಮಣ್ಣಿನಿಂದಲೇ ಹಾರಿಹೋಗುವುದು ಇನ್ನೊಂದು ಪಾಲು. ಹಿತ್ತಲಿನ ಕೆಲಸ ಎಂದರೆ ಆ ಎರಡನೆಯ ಪಾಲನ್ನು ಕಡಿಮೆ ಮಾಡುವುದು. ಅದಕ್ಕೂ ಗಡಿಗೆಯೇ ಮದ್ದು. ಆದರೆ ಈ ಸಲ ಗಡಿಗೆ ಕಟ್ಟೆಯ ಮೇಲಲ್ಲ, ನೆಲದೊಳಗೆ.

ಸಣ್ಣ ಬಾಯಿಯ, ಬಣ್ಣ ಹಚ್ಚದ, ಐದಾರು ಲೀಟರ್ ಹಿಡಿಯುವ ಗಡಿಗೆಯನ್ನು ಕತ್ತಿನವರೆಗೆ ಹೂಳಬೇಕು. ಸುತ್ತ ಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿ, ಒಂದು ಗೇಣಿನ ಒಳಗೆ ನಾಲ್ಕಾರು ಬೀಜ ಊರಬೇಕು. ಗಡಿಗೆಗೆ ನೀರು ತುಂಬಿ ಬಾಯಿ ಮುಚ್ಚಬೇಕು. ಅಷ್ಟೇ. ಒಣಮಣ್ಣಿಗೆ ನೀರು ಹೀರುವ ಸೆಳೆತವಿದೆ. ಮಣ್ಣಿನ ಕಣಗಳ ನಡುವಿನ ಕೂದಲೆಳೆಯಂಥ ಸಂದುಗಳು ಗಡಿಗೆಯ ಗೋಡೆಯಿಂದ ನೀರನ್ನು ಎಳೆಯುತ್ತವೆ. ಮಣ್ಣು ತೋಯ್ದಂತೆ ಸೆಳೆತ ಕುಗ್ಗುತ್ತದೆ, ಜಿನುಗು ನಿಧಾನವಾಗುತ್ತದೆ. ಗಿಡ ನೀರು ಕುಡಿದಂತೆ ಮಣ್ಣು ಒಣಗಿ ಸೆಳೆತ ಮತ್ತೆ ಏರುತ್ತದೆ. ನಲ್ಲಿಯಿಲ್ಲ, ಟೈಮರಿಲ್ಲ, ಗಿಡದ ಬಾಯಾರಿಕೆಯೇ ಇಲ್ಲಿ ನೀರು ಬಿಡುವ ಕೈ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ. ಬೇಸಿಗೆಯ ಕೊನೆಗೆ ಅಗೆದು ನೋಡಿದರೆ ಗಡಿಗೆಯ ಹೊಟ್ಟೆಯನ್ನು ಬೇರುಗಳು ಬಲೆಯಂತೆ ತಬ್ಬಿಕೊಂಡಿರುತ್ತವೆ.

ಈ ಪದ್ಧತಿ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಚೀನಾದ ಫಾನ್ ಶೆಂಗ್‌ಜಿ ಬರೆದ ಕೃಷಿ ಗ್ರಂಥದಲ್ಲಿ ಹೂತ ಗಡಿಗೆಯ ಸುತ್ತ ಬಳ್ಳಿ ಬೆಳೆಸುವ ಕ್ರಮ ಬರುತ್ತದೆ. ನಮ್ಮ ದೇಶದಲ್ಲಿ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆಯ ಮೊಂಡಲ್ ಅವರು 1970ರ ದಶಕದಲ್ಲಿ ಇದನ್ನು ಹೊಲದಲ್ಲಿ ಪರೀಕ್ಷಿಸಿ, ನೀರಿನಲ್ಲಿ ಸ್ವಲ್ಪ ಉಪ್ಪಿದ್ದರೂ ತರಕಾರಿ ಬೆಳೆಯಬಹುದು ಎಂದು ತೋರಿಸಿದರು. ಸವುಳು ನೀರಿನ ಬಾವಿ, ಬೋರುಗಳಿರುವ ನಮ್ಮ ಸೀಮೆಗೆ ಅದು ಸಣ್ಣ ಮಾತಲ್ಲ. ಕುಂಬಳ, ಹೀರೆ, ಸೌತೆ, ತುಪ್ಪದ ಹೀರೆಯಂಥ ಬಳ್ಳಿಗಳು ಗಡಿಗೆಗೆ ಚೆನ್ನಾಗಿ ಹೊಂದುತ್ತವೆ. ಒಂದು ಬೇರಿನ ಹರವು ಸಾಕು, ಮೇಲೆ ಚಪ್ಪರ ತುಂಬ ಎಲೆ ಹರಡುತ್ತದೆ. ಚಪ್ಪರ ಪಡುವಣ ಗೋಡೆಗೆ ಒತ್ತಿಕೊಂಡಿದ್ದರೆ ಇಳಿಬಿಸಿಲು ಗೋಡೆಗೆ ತಾಗದೆ ಒಳಮನೆಯ ರಾತ್ರಿಯೂ ತಣ್ಣಗಾಗುತ್ತದೆ. ಎಲೆಯೂ ಒಂದು ಗಡಿಗೆಯೇ ತಾನೆ: ಅದರ ಪತ್ರರಂಧ್ರಗಳಿಂದ ಆವಿ ಹೊರಬೀಳುವಾಗಲೂ ಅದೇ ಗುಪ್ತೋಷ್ಣ ಖರ್ಚಾಗುತ್ತದೆ.

ಮಣ್ಣಿನ ಮೇಲೆ ಹೊದಿಕೆ ಬೇಕೇ ಬೇಕು. ಮರಳಿ ಕಡೆಯವರಿಗೆ ಭತ್ತದ ಹುಲ್ಲು ಬೇಕಾದಷ್ಟಿದೆ. ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ಬಿಸಿಲು ಮಣ್ಣಿಗೆ ನೇರ ಬೀಳುವುದಿಲ್ಲ, ಮಣ್ಣನ್ನು ತಾಗಿದ ಗಾಳಿ ಕದಲುವುದಿಲ್ಲ, ಆವಿ ಅಲ್ಲೇ ತಂಗುತ್ತದೆ. ಕೊಯ್ಲಿನ ನಂತರ ಈ ಹುಲ್ಲನ್ನು ಗದ್ದೆಯಲ್ಲೇ ಸುಡುವ ಬದಲು ಒಂದೊಂದು ಹೊರೆ ಊರಿನ ಪ್ರತಿ ಹಿತ್ತಲಿಗೂ ಬಂದರೆ ಎಷ್ಟು ಚೆನ್ನ! ಯಲಬುರ್ಗಾ ಕಡೆಯ ಎರೆಮಣ್ಣಿಗೆ ಇನ್ನೊಂದು ಕೆಲಸ ಇದೆ. ಎರೆ ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಆ ಬಿರುಕಿನ ಎರಡೂ ಗೋಡೆಗಳಿಂದ ಆಳದ ತೇವ ಹಾರಿಹೋಗುತ್ತದೆ. ಬಿರುಕು ಬಾಯಿ ತೆರೆಯುವ ಮೊದಲೇ ಕುರ್ಪಿಯಿಂದ ಮೇಲ್ಮಣ್ಣು ಕೆದಕಿ ಪುಡಿ ಮಾಡಿಟ್ಟರೆ ಆ ಪುಡಿಯೇ ಹೊದಿಕೆ. ಬೆಳೆಯ ಸಾಲಿನ ನಡುವೆ ಎಡೆಕುಂಟೆ ಹೊಡೆಯುವ ರೈತರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೂ ಇದನ್ನೇ.

ನೆಡದೆಯೇ ಬರುವ ಒಂದು ಸೊಪ್ಪಿನ ಬಗ್ಗೆ ಹೇಳಲೇಬೇಕು. ಬಚ್ಚಲ ನೀರು ಹರಿಯುವಲ್ಲಿ, ಕಟ್ಟೆಯ ಬುಡದಲ್ಲಿ ಕೆಂಪು ದಂಟಿನ, ದಪ್ಪನೆಯ ಪುಟ್ಟ ಎಲೆಯ ಗೋಳಿ ಪಲ್ಯ ಹಬ್ಬಿರುತ್ತದೆ. ಕೆಲವು ಕಡೆ ಗೋಣಿ ಸೊಪ್ಪು ಎನ್ನುತ್ತಾರೆ. ಸಸ್ಯವಿಜ್ಞಾನಿಗಳಿಗೆ ಇದು ಅಚ್ಚರಿಯ ಗಿಡ. ಜೋಳ, ಸಜ್ಜೆಯಂಥ ಬೆಳೆಗಳು ಬಿಸಿಲಿನಲ್ಲಿ ಬೇಗ ಬೆಳೆಯಲು ದ್ಯುತಿಸಂಶ್ಲೇಷಣೆಯ ಒಂದು ವಿಶೇಷ ಮಾರ್ಗ ಹಿಡಿದಿವೆ. ಕಳ್ಳಿಗಳು ನೀರು ಉಳಿಸಲು ಇನ್ನೊಂದು ಮಾರ್ಗ ಹಿಡಿದಿವೆ: ಹಗಲೆಲ್ಲ ಪತ್ರರಂಧ್ರ ಮುಚ್ಚಿಕೊಂಡು, ತಂಪು ರಾತ್ರಿಯಲ್ಲಿ ತೆರೆದು, ಇಂಗಾಲದ ಡೈ ಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಡುವುದು. ಗೋಳಿ ಪಲ್ಯಕ್ಕೆ ಎರಡೂ ಗೊತ್ತು. ನೀರಿದ್ದಾಗ ಜೋಳದ ದಾರಿ ಸಾಕು, ನೀರು ತಪ್ಪಿದಾಗ ಕಳ್ಳಿಯ ದಾರಿಯೂ ತೆರೆದುಕೊಳ್ಳುತ್ತದೆ. ಈ ಎರಡು ಕ್ರಿಯೆಗಳೂ ಎಲೆಯ ಒಂದೇ ಜೀವಕೋಶದಲ್ಲಿ ಹೆಣೆದುಕೊಂಡು ನಡೆಯುತ್ತವೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ನಾಲಿಗೆಯಿಂದಲೇ ಇದನ್ನು ಪರೀಕ್ಷಿಸಬಹುದು. ನೀರಿಲ್ಲದೆ ಬೆಳೆದ ಗೋಳಿಯ ಎಲೆಯನ್ನು ಸೂರ್ಯ ಏಳುವ ಮುಂಚೆ ಒಮ್ಮೆ, ಸಂಜೆ ಒಮ್ಮೆ ಬಾಯಿಗೆ ಹಾಕಿಕೊಂಡು ನೋಡಿ. ಬೆಳಗಿನದು ಹೆಚ್ಚು ಹುಳಿ. ರಾತ್ರಿ ಕೂಡಿಟ್ಟ ಮ್ಯಾಲಿಕ್ ಆಮ್ಲ ಹಗಲು ಖರ್ಚಾಗುವುದೇ ಕಾರಣ. ಬೇಳೆಯ ಜೊತೆ ಬೇಯಿಸುವವರು ಹುಣಸೆಹಣ್ಣು ಉಳಿಸಬೇಕೆಂದಿದ್ದರೆ ಮುಂಜಾನೆಯೇ ಕೊಯ್ಯಲಿ.

ಒಡೆದ ಗಡಿಗೆಯ ತಳವನ್ನು ಎಸೆಯಬೇಡಿ. ಬೇವಿನ ನೆರಳಿನಲ್ಲಿಟ್ಟು ನೀರು ತುಂಬಿ, ನಡುವೆ ಒಂದೆರಡು ಕಲ್ಲು ಇಡಿ. ಕಲ್ಲು ಜೇನ್ನೊಣಗಳಿಗೆ ನಿಲ್ಲುವ ಜಾಗ. ಅವು ಕೊಂಡೊಯ್ಯುವ ನೀರು ಕುಡಿಯಲಷ್ಟೇ ಅಲ್ಲ, ಗೂಡಿನೊಳಗೆ ಹನಿಯಾಗಿ ಹರಡಿ ರೆಕ್ಕೆ ಬೀಸಿ ಮರಿಗಳ ಕೋಣೆಯನ್ನು 35 ಡಿಗ್ರಿಯ ಆಸುಪಾಸಿನಲ್ಲಿ ಇಡಲು. ಬಟ್ಟಲಿನ ನೀರನ್ನು ದಿನವೂ ಚೆಲ್ಲಿ ತಿಕ್ಕಿ ಹೊಸದು ಹಾಕಬೇಕು. ನೀರು ವಾರಗಟ್ಟಲೆ ನಿಂತರೆ ಡೆಂಗಿ ಹರಡುವ ಸೊಳ್ಳೆ ಅಲ್ಲೇ ಹುಟ್ಟುತ್ತದೆ.

ಮಧ್ಯಾಹ್ನ ಕಿಟಕಿಯಿಂದ ಆ ಬಟ್ಟಲನ್ನೇ ನೋಡುತ್ತ ಕೂತರೆ ಹಕ್ಕಿಗಳ ದೇಹರಚನೆಯ ಪಾಠ ಎದುರಿಗೇ ನಡೆಯುತ್ತದೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಗೊರವಂಕ, ಕಾಗೆ, ಗುಬ್ಬಿಗಳು ಬಾಯಿ ತೆರೆದು ಏದುಸಿರು ಬಿಡುತ್ತ ಗಂಟಲಿನ ತೇವವನ್ನು ಆವಿ ಮಾಡುತ್ತವೆ. ಏದುಸಿರು ಬಿಡುವುದೂ ಸ್ನಾಯುಗಳ ಕೆಲಸವೇ, ಅದರಿಂದಲೂ ಶಾಖ ಹುಟ್ಟುತ್ತದೆ. ಪಕ್ಕದಲ್ಲೇ ಕೂತ ಬೆಳವವನ್ನು ಗಮನಿಸಿ. ಅದೇ ಬಿಸಿಲು, ಆದರೂ ಕೊಕ್ಕು ಮುಚ್ಚಿ ಸುಮ್ಮನೆ ಕೂತಿರುತ್ತದೆ. ಪಾರಿವಾಳ, ಬೆಳವಗಳ ಕುಲ ಚರ್ಮದ ಮೂಲಕವೇ ಧಾರಾಳವಾಗಿ ನೀರನ್ನು ಆವಿ ಮಾಡಬಲ್ಲದು, ಹೆಚ್ಚಿನ ಶ್ರಮವಿಲ್ಲದೆ. ಅದಕ್ಕೆ ತಕ್ಕಂತೆ ಕುಡಿಯುವ ಬಗೆಯೂ ಬೇರೆ. ಗುಬ್ಬಿ ಒಂದು ಗುಟುಕು ತೆಗೆದುಕೊಂಡು ತಲೆ ಎತ್ತಿ ನುಂಗುತ್ತದೆ, ಬೆಳವ ಕೊಕ್ಕು ಅದ್ದಿ ತಲೆ ಎತ್ತದೆ ಒಂದೇ ಸಮನೆ ಹೀರುತ್ತದೆ.

ಸೂರಿನ ಅಂಚಿನ ಕೆಳಗೆ, ನೀರು ಬೀಳದ ನುಣುಪು ಧೂಳಿನಲ್ಲಿ ಸಣ್ಣ ಆಲಿಕೆಯಾಕಾರದ ಕುಳಿಗಳು ಕಾಣುತ್ತವೆ. ಇರುವೆ ಸಿಂಹವೆಂಬ ಕೀಟದ ಮರಿಹುಳುವಿನ ಬೇಟೆಗುಂಡಿ ಅದು. ಹುಳು ಹಿಂದು ಹಿಂದಕ್ಕೆ ಸುರುಳಿಯಾಗಿ ಸರಿಯುತ್ತ, ತಲೆಯಿಂದ ಧೂಳು ಚಿಮ್ಮುತ್ತ ಈ ಕುಳಿ ತೋಡುತ್ತದೆ. ಒಣ ಮರಳನ್ನು ಎಲ್ಲಿ ಸುರಿದರೂ ಅದು ಒಂದು ನಿರ್ದಿಷ್ಟ ಇಳಿಜಾರಿಗೆ ಬಂದು ನಿಲ್ಲುತ್ತದೆ, ಸುಮಾರು 30ರಿಂದ 35 ಡಿಗ್ರಿ ಕೋನ. ಅದಕ್ಕಿಂತ ಕಡಿದಾದರೆ ಜಾರುತ್ತದೆ. ಹುಳು ತನ್ನ ಕುಳಿಯನ್ನು ಆ ಅಂಚಿಗೆ ತಂದು ನಿಲ್ಲಿಸುತ್ತದೆ. ಇರುವೆಯೊಂದು ಅಂಚಿಗೆ ಕಾಲಿಟ್ಟರೆ ಸಾಕು, ಇಳಿಜಾರು ಕುಸಿದು ಅದು ತಳಕ್ಕೆ ಉರುಳುತ್ತದೆ. ಹತ್ತಲು ಹೊರಟರೆ ಕೆಳಗಿನಿಂದ ಧೂಳಿನ ಮಳೆ. ಕೊನೆಗೆ ಕುಡುಗೋಲಿನಂಥ ದವಡೆಗಳು ಹಿಡಿದು ಜೀರ್ಣರಸ ಚುಚ್ಚಿ ಇರುವೆಯ ಒಳಸಾರವನ್ನು ಹೀರುತ್ತವೆ. ಈ ಮರಿ ಬೆಳೆದು ರೆಕ್ಕೆ ಬರುವವರೆಗೂ ಮಲ ವಿಸರ್ಜಿಸುವುದೇ ಇಲ್ಲ, ಜಠರದ ಹಿಂಬದಿ ಮುಚ್ಚಿರುತ್ತದೆ. ಎಷ್ಟೋ ತಿಂಗಳ ಕಸವನ್ನು ಒಳಗೇ ಹಿಡಿದುಕೊಂಡು ಬದುಕುವ ಜೀವ! ಈ ಬೇಟೆಗೆ ಒಣ ಧೂಳು ಇರಲೇಬೇಕು. ಮಣ್ಣು ತೇವವಾದರೆ ಕಣಗಳು ಅಂಟಿಕೊಂಡು ಇಳಿಜಾರು ಜಾರುವುದಿಲ್ಲ. ಮಕ್ಕಳಿಗೆ ಒಂದು ಹುಲ್ಲುಕಡ್ಡಿ ಕೊಟ್ಟು ಕುಳಿಯ ಅಂಚನ್ನು ಮೆಲ್ಲಗೆ ಕೆರೆಯಲು ಹೇಳಿ, ಧೂಳು ಚಿಮ್ಮುವುದನ್ನು ಅವರೇ ಕಾಣುತ್ತಾರೆ.

ಮಾಳಿಗೆಯ ಮೇಲೆ ಈ ಹೊತ್ತಿಗೆ ಸಂಡಿಗೆ, ಹಪ್ಪಳ, ಶಾವಿಗೆ, ಮಜ್ಜಿಗೆ ಮೆಣಸಿನಕಾಯಿ ಹರಡಿರುತ್ತವೆ. ಆಹಾರ ಕೆಡುವುದು ಅದರಲ್ಲಿ ನೀರಿದೆ ಎಂಬುದರಿಂದ ಮಾತ್ರವಲ್ಲ, ಸೂಕ್ಷ್ಮಜೀವಿಗಳ ಕೈಗೆಟುಕುವ ನೀರು ಇರುವುದರಿಂದ. ವಿಜ್ಞಾನಿಗಳು ಇದನ್ನು ಶೂನ್ಯದಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ 1. ಈ ಅಳತೆ 0.6ಕ್ಕಿಂತ ಕೆಳಗಿಳಿದರೆ ಯಾವ ಬ್ಯಾಕ್ಟೀರಿಯಾ, ಬೂಷ್ಟೂ ಬೆಳೆಯಲಾರದು. ಶೇ 20ರ ಆರ್ದ್ರತೆಯ ಗಾಳಿಯಲ್ಲಿ ತೆಳು ಸಂಡಿಗೆ ಆ ಗೆರೆಯನ್ನು ಬೇಗನೆ ದಾಟಿಬಿಡುತ್ತದೆ. ಉಪ್ಪು ಬೆರೆತರೆ ಇನ್ನೂ ಬೇಗ, ಉಪ್ಪು ನೀರನ್ನು ಸೂಕ್ಷ್ಮಜೀವಿಗಳ ಕೈಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ.

ಬೀಜದ ಮಾತು ಇದಕ್ಕೇ ಹೊಂದಿಕೊಂಡಿದೆ, ಆದರೆ ಬೀಜಕ್ಕೆ ಜೀವ ಉಳಿಯಬೇಕು. ಬೀಜತಜ್ಞ ಜೇಮ್ಸ್ ಹ್ಯಾರಿಂಗ್ಟನ್ ಒಂದು ಸರಳ ಸೂತ್ರ ಕೊಟ್ಟಿದ್ದಾರೆ: ಬೀಜದ ತೇವ ಶೇ 1ರಷ್ಟು ಇಳಿದರೆ ಅದರ ಆಯುಸ್ಸು ಇಮ್ಮಡಿ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಇಮ್ಮಡಿ. ತೇವ ಶೇ 5ರಿಂದ 14ರ ನಡುವೆ ಇದ್ದಾಗ ಇದು ಹೆಚ್ಚುಕಡಿಮೆ ನಿಜವಾಗುತ್ತದೆ. ಹಾಗಾಗಿ ಹೀರೆ, ಅವರೆ, ಪುಂಡಿ, ಬದನೆಯ ಬೀಜವನ್ನು ಸುಡುಬಿಸಿಲಿನ ಕಲ್ಲಿನ ಮೇಲಲ್ಲ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಒಣಗಾಳಿ ತೇವ ತೆಗೆಯುತ್ತದೆ, ನೆರಳು ಭ್ರೂಣವನ್ನು ಕಾಪಾಡುತ್ತದೆ. ಆಮೇಲೆ ಜರಡಿ ಹಿಡಿದ ಒಲೆಬೂದಿ ಬೆರೆಸಿ ಮುಚ್ಚಳ ಬಿಗಿಯಾದ ಡಬ್ಬಿಗೆ. ಬೂದಿಯ ಕಣಗಳು ಕಾಳಿನ ಹುಳುವಿನ ಮೈಮೇಲಿನ ಮೇಣದ ಪದರವನ್ನು ಕೆರೆದು ಅದನ್ನು ಒಣಗಿಸಿ ಕೊಲ್ಲುತ್ತವೆ. ಭತ್ತದ ಹೊಟ್ಟಿನ ಬೂದಿ ಇದಕ್ಕೆ ಇನ್ನೂ ಉತ್ತಮ. ಅದರಲ್ಲಿ ಬಹುಪಾಲು ಸಿಲಿಕಾ, ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ ಹೇರಳವಾಗಿ ಸಿಗುತ್ತದೆ.

ಬೇಸಿಗೆ ಹುಣಸೆಯ ಕಾಲವೂ ಹೌದು. ಜಗಲಿಯಲ್ಲಿ ಕೂತು ಹಣ್ಣು ಬಿಡಿಸಿದ ಮೇಲೆ ಬೀಜದ ರಾಶಿ ಉಳಿಯುತ್ತದೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ತಮ್ಮ ಹೆಸರಾಂತ ಮರದ ಗೊಂಬೆಗಳಿಗೆ ಆ ಬೀಜದ ಅಂಟನ್ನೇ ನೆಚ್ಚಿದವರು. ಹಗುರ ಮರದ ತುಂಡುಗಳನ್ನು ಜೋಡಿಸಲು, ನಾರಿನ ಪುಡಿಯೊಂದಿಗೆ ಕಲಸಿ ಗೊಂಬೆಯ ಮೈಗೆ ಮೆತ್ತಲು ಈ ಅಂಟು ಬಳಸುತ್ತಾರೆ. ಇಂದು ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಹುಣಸೆ ಬೀಜವೇ ಏಕೆ? ಅದರಲ್ಲಿ ಕ್ಸೈಲೋಗ್ಲೂಕನ್ ಎಂಬ ಶರ್ಕರ ಸರಪಳಿ ತುಂಬಿದೆ. ಗಿಡಗಳ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿಗೆ ಅಂಟಿಕೊಂಡಿರುವುದು ಇದೇ ಜಾತಿಯ ಸರಪಳಿ. ಮರ, ಕಾಗದ, ಹತ್ತಿ ಎಲ್ಲದರಲ್ಲೂ ಸೆಲ್ಯುಲೋಸ್ ಇರುವುದರಿಂದ ಈ ಅಂಟು ಅವುಗಳಿಗೆ ಸಹಜವಾಗಿಯೇ ಕಚ್ಚಿಕೊಳ್ಳುತ್ತದೆ. ಮನೆಯಲ್ಲಿ ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು, ನೀರಿನಲ್ಲಿ ಕುದಿಸಿದರೆ ಅಂಟು ಸಿದ್ಧ. ಹಳೆಯ ದಿನಪತ್ರಿಕೆ ನೆನೆಸಿ ಕುಟ್ಟಿ ಇದರೊಂದಿಗೆ ಕಲಸಿ, ಬೋರಲು ಹಾಕಿದ ಬೋಗುಣಿಯ ಮೇಲೆ ಮೆತ್ತಿ ಒಣಗಿಸಿದರೆ ಹಗುರವಾದ ಬುಟ್ಟಿ ಬರುತ್ತದೆ. ನಮ್ಮ ಅಜ್ಜಿಯರು ಬಿದಿರಿನ ಬುಟ್ಟಿಗೆ ಕಾಗದದ ಜೊತೆ ಮೆಂತ್ಯೆ ಅರೆದು ಬಳಿಯುತ್ತಿದ್ದರು. ಮೆಂತ್ಯೆಯ ಲೋಳೆಯೂ ಇಂಥದ್ದೇ ಸರಪಳಿ, ಅದರ ಕಹಿಗೆ ಹುಳುವೂ ಹತ್ತಿರ ಸುಳಿಯದು ಎಂಬುದು ಅವರ ನಂಬಿಕೆ.

ತುಂಗಭದ್ರಾ ಹೊಳೆಯ ದಂಡೆಯ ಆನೆಗೊಂದಿಯಲ್ಲಿ ಬಾಳೆ ತೋಟಗಳಿವೆ. ಗೊನೆ ಕಡಿದ ಮೇಲೆ ಬಾಳೆಗಿಡ ಕೊಳೆಯಲು ಬಿದ್ದಿರುವುದನ್ನು ಕಸವೆಂದು ಬಿಡದೆ, 1997ರಲ್ಲಿ ಶುರುವಾದ ದಿ ಕಿಷ್ಕಿಂದಾ ಟ್ರಸ್ಟ್ ಊರಿನ ಹೆಣ್ಣುಮಕ್ಕಳ ಜೊತೆ ಬಾಳೆನಾರಿನ ಕಸುಬನ್ನು ಬೆಳೆಸಿತು. ಒಣಗಿದ ಬಾಳೆಪಟ್ಟೆಯಿಂದ ಹಗ್ಗ, ಹಗ್ಗದಿಂದ ಬುಟ್ಟಿ, ಚೀಲ, ಚಾಪೆ. ಮನೆಯಲ್ಲೂ ಹಗ್ಗ ಹೊಸೆಯಬಹುದು. ಎರಡು ಎಳೆ ತೆಗೆದುಕೊಂಡು ಪ್ರತಿಯೊಂದನ್ನೂ ಬಲಕ್ಕೆ ಹುರಿ ಮಾಡಿ, ಆಮೇಲೆ ಎರಡನ್ನೂ ಸೇರಿಸಿ ಎಡಕ್ಕೆ ಸುತ್ತಬೇಕು. ಒಂದೊಂದು ಎಳೆಯೂ ಬಿಚ್ಚಿಕೊಳ್ಳಲು ಎಡಕ್ಕೆ ತಿರುಗುತ್ತದೆ, ಆ ತಿರುಗುವಿಕೆ ಎರಡೆಳೆಗಳ ಸುತ್ತನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬಿಚ್ಚಲು ಹೊರಟ ಬಲವೇ ಕಟ್ಟುವ ಬಲವಾಗುತ್ತದೆ. ಎಳೆದಷ್ಟೂ ನಾರುಗಳು ಒಂದನ್ನೊಂದು ಒತ್ತಿ ಘರ್ಷಣೆ ಹೆಚ್ಚುತ್ತದೆ, ಗೇಣುದ್ದದ ನಾರುಗಳಿಂದ ಮಾರುದ್ದದ ಹಗ್ಗ ನಿಲ್ಲುತ್ತದೆ. ಫ್ರಾನ್ಸಿನ ಅಬ್ರಿ ದು ಮರಾಸ್ ಎಂಬಲ್ಲಿ 40 ಸಾವಿರ ವರ್ಷಕ್ಕೂ ಹಳೆಯ, ನಿಯಾಂಡರ್ತಾಲರು ಹೊಸೆದ ಮೂರೆಳೆಯ ಹುರಿಯ ಚೂರು ಸಿಕ್ಕ ಸುದ್ದಿ 2020ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಎಳೆಯ ಸುತ್ತು ಒಂದು ಕಡೆಗೆ, ಹುರಿಯ ಸುತ್ತು ಅದರ ಎದುರು ಕಡೆಗೆ.

ರಾತ್ರಿ ಮಾಳಿಗೆಯ ಮೇಲೆ ಕೌದಿ ಹಾಸಿ ಮಲಗುವವರಿಗೂ ಒಣಗಾಳಿಯ ಲಾಭವಿದೆ. ಬಿಸಿಯಾದ ಮಾಳಿಗೆ ರಾತ್ರಿಯಿಡೀ ಅವರಕ್ತ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಶಾಖ ಬಿಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಾವಿ ಆ ಕಿರಣಗಳನ್ನು ಹೀರಿ ಒಂದು ಪಾಲನ್ನು ಮರಳಿ ಕೆಳಕ್ಕೆ ಕಳಿಸುತ್ತದೆ. ಒಣ, ತಿಳಿ ಆಕಾಶ ಹಾಗೆ ಕಳಿಸುವುದು ಕಡಿಮೆ. ಸರ್ ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ವರದಿಯಲ್ಲಿ, ಅಲಹಾಬಾದಿನ ಜನ ಚಳಿಗಾಲದ ತಿಳಿರಾತ್ರಿಯಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಬೆಳಗಾಗುವಾಗ ಮಂಜುಗಡ್ಡೆ ತೆಗೆಯುತ್ತಿದ್ದುದನ್ನು ವಿವರಿಸಿದ್ದಾನೆ. ನಮ್ಮ ಬೇಸಿಗೆಯಲ್ಲಿ ಮಂಜುಗಡ್ಡೆ ಸಾಧ್ಯವಿಲ್ಲ, ಆದರೆ ಬೆಳಗಿನ ಜಾವ ಕೌದಿಯನ್ನು ಹಾಸಿಗೆಯಿಂದ ಹೊದಿಕೆಗೆ ಬದಲಿಸಬೇಕಾಗುವುದು ಅದೇ ಕಾರಣಕ್ಕೆ. ಹಳೆಯ ಸೀರೆ, ಧೋತರದ ಪದರಗಳನ್ನು ಸಾಲು ಹೊಲಿಗೆಯಲ್ಲಿ ಕೂಡಿಸಿದ ಕೌದಿಯ ಬೆಚ್ಚಗಿನ ಗುಟ್ಟು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯಲ್ಲಿದೆ. ಹೊಲಿಗೆ ತೀರಾ ಒತ್ತಾದರೆ ಆ ಗಾಳಿ ಹಿಂಡಿಹೋಗುತ್ತದೆ, ತೀರಾ ವಿರಳವಾದರೆ ಪದರ ಸರಿಯುತ್ತದೆ. ಕೌದಿ ಹೊಲಿಯುವ ಅವ್ವಂದಿರ ಬೆರಳಿಗೆ ಆ ಅಂತರ ಗೊತ್ತು. ಬೇಸಿಗೆ ರಜೆಯಲ್ಲಿ ಮಕ್ಕಳು ಅವರ ಪಕ್ಕ ಕೂತು ಒಂದು ಮೂಲೆಯನ್ನಾದರೂ ಹೊಲಿಯಲಿ ಎಂಬುದು ನನ್ನ ಆಸೆ.

ಎರಡು ಥರ್ಮಾಮೀಟರ್ ಕೊಂಡು, ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ಒಂದೇ ಹಲಗೆಗೆ ಕಟ್ಟಿದರೆ ಈ ಅಧ್ಯಾಯದ ಅಳತೆಯ ಉಪಕರಣ ಸಿದ್ಧ. ಏಪ್ರಿಲ್‌ನಲ್ಲಿ ಎರಡರ ಅಂತರ ಹದಿನೈದು ಡಿಗ್ರಿಯಾಚೆ ಹೋಗುವುದನ್ನು ನೋಡಬಹುದು. ಮೇ ಕೊನೆಯ ಗುಡುಗು ಮಳೆಗಳ ನಂತರ ಅದು ಕುಗ್ಗುತ್ತದೆ, ಮುಂಗಾರು ಗಾಳಿ ನೆಲೆ ನಿಂತ ಮೇಲೆ ಇನ್ನೂ ಕುಗ್ಗುತ್ತದೆ. ಅಂತರ ಐದಾರು ಡಿಗ್ರಿಗೆ ಇಳಿದ ವಾರ ಗಡಿಗೆಯ ನೀರು ಮೊದಲಿನಷ್ಟು ತಣ್ಣಗಿರುವುದಿಲ್ಲ, ಸಂಡಿಗೆ ಡಬ್ಬಿಯ ಮುಚ್ಚಳ ಬಿಗಿ ಮಾಡಬೇಕು, ಬೂದಿಯಲ್ಲಿಟ್ಟ ಹೀರೆ ಬೀಜ ಹೊರತೆಗೆದು ಒಂದು ರಾತ್ರಿ ನೆನೆಸಬೇಕು.